ಸೋರೆಬುರುಡೆ ಸೊಂಟಕ್ಕೇ ಯಾಕೆ ಕಟ್ತಿದ್ರು?

ಮಂಡ್ಯ ಕಡೆ ನಾವೆಲ್ಲ ಈಜು ಕಲ್ತಿದ್ದು ತೋಟದ ಬಾವೀಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟೋರು, ಮೇಲೆ ಹಗ್ಗ ಹಿಡ್ಕೊಂಡು ನಮ್ಮ ಮಾವ ನಿಂತಿರೋರು. ಬುರುಡೆ ಎದೆಗಲ್ಲ, ಸೊಂಟಕ್ಕೇ ಯಾಕೆ ಅಂತ ನಂಗೆ ಅರ್ಥ ಆಗೋಕೆ ಎಷ್ಟೋ ವರ್ಷ ಬೇಕಾಯ್ತು. ಗಾಳಿ ತುಂಬಿರೋ ಶ್ವಾಸಕೋಶ ಎದೇಲಿರೋದ್ರಿಂದ ನೀರು ನಮ್ಮನ್ನ ಎತ್ತೋದು ಆ ಕಡೆಯಿಂದ, ಮೈಭಾರ ಎಳೆಯೋದು ಅದಕ್ಕಿಂತ ಸ್ವಲ್ಪ ಕೆಳಗಡೆ, ಹಂಗಾಗಿ ಕಾಲು ಮೊದಲು ಇಳಿಯುತ್ತೆ. ಬುರುಡೆ ಸೊಂಟಾನ ಎತ್ತಿ ಹಿಡಿಯುತ್ತೆ, ಮೈ ಅಡ್ಡಡ್ಡ ಮಲಗುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ವೇಗ ಎರಡರಷ್ಟಾದ್ರೆ ಅದರ ತಡೆ ಹೆಚ್ಚುಕಮ್ಮಿ ನಾಲ್ಕರಷ್ಟಾಗುತ್ತೆ, ಕಾಲು ಜೋತುಬಿದ್ದೋರು ಎಷ್ಟು ಕೈ ಬಡಿದ್ರೂ ಅಲ್ಲಲ್ಲೇ.

ಬುರುಡೆ ಬಿಚ್ಚಿದ ಮೇಲೆ ನಾವು ಈಜ್ತಿದ್ದಿದ್ದು ಮಾತ್ರ ನಾಯಿ ಈಜು, ತಲೆ ಎತ್ಕೊಂಡು. ತಲೆ ಎತ್ತಿದಷ್ಟೂ ಸೊಂಟ ಕೆಳಗೆ ಹೋಗುತ್ತೆ.

ಇಂಗ್ಲೆಂಡಲ್ಲಿ ಎವರಾರ್ಡ್ ಡಿಗ್ಬಿ ಅನ್ನೋರು 1587ರಲ್ಲೇ ಈಜು ಕಲಿಸೋಕೆ ಚಿತ್ರ ಹಾಕಿಸಿ ಲ್ಯಾಟಿನ್ ಪುಸ್ತಕ ಬರೆದಿದ್ರು, ಆದ್ರೂ ಅಲ್ಲಿನೋರು ಶತಮಾನಗಟ್ಟಲೆ ತಲೆ ಮೇಲಿಟ್ಟು ಕಪ್ಪೆ ಈಜನ್ನೇ ನಂಬಿದ್ರು. 1844ರಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಜನಾಂಗದ ಇಬ್ಬರು ಲಂಡನ್ನಿಗೆ ಬಂದು ಕೈ ಬೀಸಿ ಬೀಸಿ 130 ಅಡಿನ ಸುಮಾರು 30 ಸೆಕೆಂಡಲ್ಲಿ ಈಜಿ ತೋರಿಸಿದ್ರೆ, ಇದೇನು ನೀರು ಎರಚೋ ಒರಟು ಈಜು ಅಂತ ಬದಿಗಿಟ್ರು! ನಂಗೆ ಇದನ್ನ ಓದಿದಾಗೆಲ್ಲ ಬೇಜಾರಾಗುತ್ತೆ. 1875ರಲ್ಲಿ ಕ್ಯಾಪ್ಟನ್ ವೆಬ್ ಇಂಗ್ಲಿಷ್ ಕಾಲುವೆ ದಾಟಿದ್ದೂ ಕಪ್ಪೆ ಈಜಲ್ಲೇ, 21 ಗಂಟೆ 45 ನಿಮಿಷ ಹಿಡೀತು. ಅದಕ್ಕೆ ಎರಡು ವರ್ಷ ಮೊದಲೇ, 1873ರಲ್ಲಿ, ಟ್ರಡ್ಜನ್ ಅನ್ನೋ ಇಂಗ್ಲಿಷ್ ಈಜುಗಾರ ದಕ್ಷಿಣ ಅಮೆರಿಕದವರನ್ನ ನೋಡಿ ಕಲಿತ ಕೈ ಬೀಸೋದನ್ನ ಇಂಗ್ಲೆಂಡಿಗೆ ತಂದಿದ್ರು, ಆಮೇಲೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಾಲೊಮನ್ ದ್ವೀಪದ ಹುಡುಗ ಅಲಿಕ್ ವಿಕ್ಹ್ಯಾಮ್ ಕಾಲು ಮೇಲೆ ಕೆಳಗೆ ಬಡಿಯೋದನ್ನ ತೋರಿಸಿದ್ರು, ಕೈ ಬೀಸಿ ಕಾಲು ಬಡಿಯೋ ಇವತ್ತಿನ ಫ್ರಂಟ್ ಕ್ರಾಲ್ ಈಜು ಬೆಳೆದಿದ್ದು ಹಿಂಗೆ. 1922ರಲ್ಲಿ ಅಮೆರಿಕದ ಈಜುಗಾರ ಜಾನಿ ವೈಸ್‌ಮುಲ್ಲರ್ ಇದೇ ಈಜಲ್ಲಿ 100 ಮೀಟರನ್ನ 58.6 ಸೆಕೆಂಡಲ್ಲಿ ಮುಗಿಸಿದ್ರು.

ಮೈಸೂರಿನ ಸರಸ್ವತಿಪುರಂ ಈಜುಕೊಳದಲ್ಲಿ ನಮ್ಮಕ್ಕನ ಮಗಳು ಕಲಿಯೋವಾಗ ಒಂದು ವಾರ ಕೈ ಆಡಿಸೋಕೇ ಬಿಡ್ಲಿಲ್ಲ, ಗೋಡೆ ಹಿಡ್ಕೊಂಡು ಮುಖ ಮುಳುಗಿಸಿ ಗುಳುಗುಳು ಅಂತ ಉಸಿರು ಬಿಡೋದಷ್ಟೇ. ನೀರಲ್ಲಿ ಹೆದರಿದೋರು ಉಸಿರು ಬಿಗಿ ಹಿಡೀತಾರೆ, ಕತ್ತು ಎತ್ತುತ್ತಾರೆ, ಕಾಲು ಇಳಿಯುತ್ತೆ, ಇನ್ನೂ ಹೆದರ್ತಾರೆ. ಎಂಟನೇ ದಿನ ಅವಳು ಗೋಡೆ ಬಿಟ್ಟು, ಮುಖ ನೀರಿಗಿಟ್ಟು ಕೈ ಚಾಚಿದ್ಲು, ಬುರುಡೆ ಇಲ್ಲ ಹಗ್ಗ ಇಲ್ಲ, ಸೊಂಟ ತಾನಾಗೇ ಮೇಲೆ ಬಂತು.