ಜ್ಯೂಸ್ ಬಾಟಲಿಯಲ್ಲಿ ಬಂದ ಸುರಂಗದ ನೀರು

ಕಾಸರಗೋಡಿನ ಎಣ್ಮಕಜೆ ಕಡೆಯ ಕೃಷಿಕರೊಬ್ಬರು ಮೊನ್ನೆ ಲ್ಯಾಬಿಗೆ ಬಂದಿದ್ದರು. ಕೈಯಲ್ಲಿ ಮನೆಯ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಯಲ್ಲಿ. "ಡಾಕ್ಟ್ರೇ, ಇದರಲ್ಲಿ ಎಂಡೋಸಲ್ಫಾನ್ ಉಂಟಾ ಅಂತ ಒಮ್ಮೆ ನೋಡಿ ಹೇಳಿ."

ಬಾಟಲಿ ಕಂಡೇ ನನ್ನ ಉತ್ಸಾಹ ಅರ್ಧ ಇಳಿಯಿತು. ಎಂಡೋಸಲ್ಫಾನ್ ಎಂಬ ಈ ಕೀಟನಾಶಕ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ಜಾತಿಯದು. ಸಾಲದ್ದಕ್ಕೆ ಪ್ಲಾಸ್ಟಿಕ್ ಸಾಮಾನುಗಳನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟ್ ಸೇರಿಕೊಂಡರೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ 149ರ ಜಾಗದಲ್ಲೊಂದು ಗೆರೆ ಏಳುತ್ತದೆ. ನಮಗೆಲ್ಲ ಅದು ಕರೆಯದೆ ಬರುವ ನೆಂಟ.

ಈ ಯಂತ್ರ ಅಣುಗಳನ್ನು ತೂಗುವ ತಕ್ಕಡಿ. ಕ್ಲೋರಿನ್ ಪರಮಾಣು ಎರಡು ತೂಕದಲ್ಲಿ ಸಿಗುತ್ತದೆ, 35 ಮತ್ತು 37, ಸುಮಾರು ಮೂರಕ್ಕೆ ಒಂದರಂತೆ. ಎಂಡೋಸಲ್ಫಾನಿನಲ್ಲಿ ಆರು ಕ್ಲೋರಿನ್. ಹಾಗಾಗಿ ಅಣುವನ್ನು ಒಡೆಯದೆ ಮೆಲ್ಲಗೆ ಅಯಾನು ಮಾಡಿದರೆ ಒಂದೇ ಗೆರೆ ಬರುವುದಿಲ್ಲ. 404, 406, 408 ಹೀಗೆ ಮೆಟ್ಟಿಲು ಬರುತ್ತದೆ, 406 ಎಲ್ಲಕ್ಕಿಂತ ಎತ್ತರ. ಬೇರೇನೋ ಅಣು ಕಾಕತಾಳೀಯವಾಗಿ ಈ ಮೆಟ್ಟಿಲನ್ನೇ ಕಟ್ಟುವುದು ಕಷ್ಟ.

ಎಂಡೋಸಲ್ಫಾನಿನ ಆಲ್ಫಾ, ಬೀಟಾ ಎಂಬ ಅವಳಿ ರೂಪಗಳ ತೂಕ ಮಾತ್ರ ಒಂದೇ. ತಕ್ಕಡಿಗೆ ಅವು ಬೇರೆ ಎಂದು ಗೊತ್ತಾಗುವುದಿಲ್ಲ. ಅದಕ್ಕೂ ಮೊದಲು ಗ್ಯಾಸ್ ಕ್ರೊಮಟೋಗ್ರಾಫಿನ ಉದ್ದ ಕೊಳವೆಯಲ್ಲಿ ಒಂದು ಮುಂದೆ, ಒಂದು ಹಿಂದೆ ಬರುವಂತೆ ಮಾಡಬೇಕು. ಮಾರಾಟದ ಡಬ್ಬದಲ್ಲಿ ಇವೆರಡೂ ಸುಮಾರು 7:3 ಇರುತ್ತಿದ್ದವು. ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಇದನ್ನು ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ, ಬಾಳಿಕೆ ಅದರದ್ದೇ ಹೆಚ್ಚು. ಸಲ್ಫೇಟೇ ಮೇಲುಗೈಯಾಗಿದ್ದರೆ ಹಳೆಯ ಉಳಿಕೆ. ಆಲ್ಫಾ ದಂಡಿಯಾಗಿದ್ದರೆ ಯಾರೋ ಈಚೆಗೆ ಬಳಸಿದ್ದಾರೆ ಎಂಬ ಅನುಮಾನ. ನಮ್ಮ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಸಿಂಪಡಣೆ ನಿಂತದ್ದು 2000ದ ಕೊನೆಗೆ, ದೇಶಕ್ಕೇ ಸುಪ್ರೀಂ ಕೋರ್ಟ್ ತಡೆ ಬಂದದ್ದು 2011ರಲ್ಲಿ. ಇಷ್ಟು ವರ್ಷದ ಮೇಲೆ ನೀರಿನಲ್ಲಿ ಹುಡುಕುವುದಕ್ಕಿಂತ ಕೆಸರಿನಲ್ಲಿ ಹುಡುಕುವುದು ಮೇಲು.

"ಕೆಸರು ಯಾಕೆ? ನಾವು ಕುಡಿಯುವುದು ನೀರಲ್ವಾ?"

ನೀರಿನಲ್ಲಿ ಅದು ಕರಗುವುದೇ ಅಪರೂಪ ಮಾರಾಯ್ರೇ, ಮಣ್ಣಿನ ಕಣ ಹಿಡಿದು ತಳದಲ್ಲಿ ಕೂರುತ್ತದೆ ಎಂದೆ.

ಆಮೇಲೆ ಅವರು ತಂಗಿಯ ವಿಷಯ ತೆಗೆದರು. ಚಿಕ್ಕಂದಿನಿಂದ ಫಿಟ್ಸ್. ಎಂಡೋಸಲ್ಫಾನ್ ಮೆದುಳಿನಲ್ಲಿ ನರಗಳನ್ನು ತಣ್ಣಗಿಡುವ ಗಾಬಾ ಗ್ರಾಹಕಗಳ ಕ್ಲೋರೈಡ್ ಬಾಗಿಲು ಮುಚ್ಚುತ್ತದೆ, ನರಗಳಿಗೆ ಲಗಾಮು ತಪ್ಪುತ್ತದೆ. ವಿಷ ಏರಿದಾಗ ಫಿಟ್ಸ್ ಬರುವುದು ಅದಕ್ಕೇ. ಆದರೆ ಇಂದಿನ ರಕ್ತದಲ್ಲಿ ಅಂದಿನ ಅಣು ಉಳಿದಿರುವುದಿಲ್ಲ. "ಪತ್ತೆಯಾಗಿಲ್ಲ" ಎಂಬ ವರದಿಯನ್ನು "ತಾಗಿಯೇ ಇರಲಿಲ್ಲ" ಎಂದು ಓದುವವರನ್ನು ಕಂಡರೆ ನನಗೆ ಸಿಟ್ಟು. ಎಷ್ಟರವರೆಗೆ ಹುಡುಕಿದಿರಿ ಎಂಬ ಅಂಕಿ ಪಕ್ಕದಲ್ಲಿರದ ವರದಿಗೆ ನಾನು ಸಹಿ ಹಾಕುವುದಿಲ್ಲ.

ಕಂದು ಗಾಜಿನ ಎರಡು ಬಾಟಲಿ ತೊಳೆದು ಕೊಟ್ಟೆ. ಒಂದಕ್ಕೆ ಸುರಂಗದ ಬಾಯಿಯ ಕೆಸರು, ಇನ್ನೊಂದಕ್ಕೆ ತೋಡಿನದ್ದು. ಜ್ಯೂಸ್ ಬಾಟಲಿಯ ನೀರನ್ನು ಹೊರಗಿನ ತೆಂಗಿನ ಬುಡಕ್ಕೆ ಅವರೇ ಹೊಯ್ದು ಹೋದರು.