ಚಾರ್ಜ್ ಆಗ್ತಿಲ್ಲ ಅಂದ್ರೆ ಬ್ಯಾಟರಿನೇ ಹೋಗಿದೆ ಅಂತಲ್ಲ

ಲ್ಯಾಪ್‌ಟಾಪ್ ರಿಪೇರಿಗೆ ತರೋರು ಬ್ಯಾಗ್ ಜಿಪ್ ತೆಗೆಯೋ ಮುಂಚೇನೇ ಹೇಳ್ಬಿಡ್ತಾರೆ, "ಸರ್ ಬ್ಯಾಟರಿ ಹೋಗಿದೆ, ಹೊಸದು ಹಾಕಿದ್ರೆ ಎಷ್ಟಾಗತ್ತೆ?" ಹೋಗಿದೆ ಅಂತ ಹೇಗೆ ಗೊತ್ತಾಯ್ತು ಅಂದ್ರೆ, ಚಾರ್ಜ್ ಆಗ್ತಿಲ್ವಲ್ಲ ಸರ್ ಅಂತಾರೆ. ಚಾರ್ಜರ್‌ನಿಂದ ಹೊರಟ ಕರೆಂಟು ಬ್ಯಾಟರಿ ಸೆಲ್ ಮುಟ್ಟೋ ಅಷ್ಟರಲ್ಲಿ ಮೂರ್ನಾಲ್ಕು ಕಡೆ ಒಪ್ಪಿಗೆ ಬೇಕು, ಅದ್ರಲ್ಲಿ ಎಲ್ಲಾದ್ರೂ ಒಂದು ಕಡೆ ಬೇಡ ಅಂದ್ರೆ ಮುಗೀತು, ಪರ್ಸೆಂಟೇಜ್ ಮೇಲೆ ಏರಲ್ಲ. ಬೇಡ ಅಂತಿರೋದು ಎಲ್ಲಿ ಅಂತ ತಿಳ್ಕೊಂಡು ಆಮೇಲೆ ದುಡ್ಡು ಬಿಚ್ಚಿ.

ಮೊದ್ಲು ಎಷ್ಟಕ್ಕೆ ನಿಂತಿದೆ ನೋಡಿ. 60ಕ್ಕೋ 80ಕ್ಕೋ ಸರಿಯಾಗಿ ನಿಲ್ತಿದ್ರೆ ಅದು ರಿಪೇರಿನೇ ಅಲ್ಲ, ಸೆಟ್ಟಿಂಗ್. ಲೆನೊವೊ ವ್ಯಾಂಟೇಜ್ ಆಪ್‌ನಲ್ಲಿ ಕನ್ಸರ್ವೇಷನ್ ಮೋಡ್ ಅಂತಿರತ್ತೆ, ಆಸುಸ್‌ನಲ್ಲಿ ಮೈಆಸುಸ್ ಒಳಗೆ, ಡೆಲ್ ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ ಒಳಗೇ, ಅಂದ್ರೆ ವಿಂಡೋಸ್ ಶುರುವಾಗೋ ಮುಂಚೆ ತೆಗೆಯೋ ಸೆಟ್ಟಿಂಗ್ ಪರದೆಯಲ್ಲಿ. ಆಫೀಸ್ ಲ್ಯಾಪ್‌ಟಾಪ್ ಆದ್ರೆ ಐಟಿಯವ್ರೇ ಹಾಕಿ ಕೊಟ್ಟಿರ್ತಾರೆ, ನಿಮಗೆ ಗೊತ್ತೇ ಇರಲ್ಲ. ದಿನವಿಡೀ ಪ್ಲಗ್‌ನಲ್ಲೇ ಇಟ್ಟು ಕೆಲಸ ಮಾಡೋರಿಗೆ ಇದು ಒಳ್ಳೇದೇ, ಲಿಥಿಯಂ ಬ್ಯಾಟರಿ 100ರಲ್ಲೇ ಬಿಸಿಯಾಗಿ ಕೂತಿದ್ರೆ ಬೇಗ ಮುದಿಯಾಗತ್ತೆ. ತೆಗೆಸ್ಬೇಡಿ, ಊರಿಗೆ ಹೊರಟಾಗ ಮಾತ್ರ ಆಫ್ ಮಾಡ್ಕೊಳ್ಳಿ.

ಆದ್ರೆ 7ಕ್ಕೋ 23ಕ್ಕೋ ನಿಂತು, ಮೂಲೇಲಿ ಪ್ಲಗ್ಡ್ ಇನ್ ನಾಟ್ ಚಾರ್ಜಿಂಗ್ ಅಂತ ತೋರಿಸ್ತಿದ್ರೆ ನಾನು ಮೊದ್ಲು ಕೈಗೆ ತಗೊಳ್ಳೋದು ಚಾರ್ಜರನ್ನ. ಡೆಲ್‌ನ ಹಳೇ ರೌಂಡ್ ಪಿನ್ ಚಾರ್ಜರ್ ಇದ್ರೆ ತುದಿ ಒಳಗೆ ಇಣುಕಿ ನೋಡಿ, ನಡುವೆ ಸೂಜಿ ತರ ಒಂದು ಸಣ್ಣ ಪಿನ್ ಕಾಣತ್ತೆ. ಪವರ್ ಬರೋದು ಸುತ್ತಲಿನ ಲೋಹದಿಂದ, ಈ ಸೂಜಿ ಇರೋದು ಚಾರ್ಜರ್ 65 ವ್ಯಾಟ್‌ದೋ 90 ವ್ಯಾಟ್‌ದೋ ಅಂತ ಲ್ಯಾಪ್‌ಟಾಪ್ ಒಳಗಿನ ಮದರ್‌ಬೋರ್ಡ್‌ಗೆ ತಿಳಿಸೋಕೆ ಅಷ್ಟೇ. ಎಚ್‌ಪಿ ನೀಲಿ ಪಿನ್‌ನಲ್ಲೂ ನಡುವೆ ಇಂಥದ್ದೇ ಇದೆ. ಡೆಲ್‌ನಲ್ಲಿ ಆ ಸೂಜಿ ಬಗ್ಗಿದ್ರೆ, ಇಲ್ಲಾ ಕೇಬಲ್ ಮಡಚಿ ಮಡಚಿ ಒಳಗಿನ ಸಣ್ಣ ವೈರ್ ಕಟ್ ಆದ್ರೆ ತಮಾಷೆ ನೋಡಿ, ಲ್ಯಾಪ್‌ಟಾಪ್ ಆನ್ ಆಗತ್ತೆ, ಕೆಲಸಾನೂ ಮಾಡತ್ತೆ, ಆದ್ರೆ ಚಾರ್ಜರ್ ಯಾವ್ದು ಅಂತ ಗೊತ್ತಾಗದೆ ಬ್ಯಾಟರಿಗೆ ಕರೆಂಟ್ ಬಿಡಲ್ಲ, ಪ್ರೊಸೆಸರನ್ನೂ ನಿಧಾನ ಮಾಡತ್ತೆ. ಮಲ್ಟಿಮೀಟರ್ ಇಟ್ರೆ 19.5 ವೋಲ್ಟ್ ಸರಿಯಾಗೇ ತೋರ್ಸತ್ತೆ, ಅದನ್ನ ನೋಡಿ ಚಾರ್ಜರ್ ಚೆನ್ನಾಗಿದೆ ಬ್ಯಾಟರಿನೇ ಹಾಳು ಅಂತ ಹೊಸ ಬ್ಯಾಟರಿ ಹಾಕಿಸ್ಕೊಂಡು, ಅದೂ ಚಾರ್ಜ್ ಆಗ್ದೆ ನಮ್ಮ ಹತ್ರ ಬರೋರಿದ್ದಾರೆ. ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಅಡಾಪ್ಟರ್ ಟೈಪ್ ಎದುರು ವ್ಯಾಟ್ ಬದಲು ಅನ್‌ನೋನ್ ಅಂತಿದ್ರೆ ಬ್ಯಾಟರಿ ಸುದ್ದಿಗೇ ಹೋಗ್ಬೇಡಿ. ಅದೇ ತರದ ಇನ್ನೊಬ್ರ ಚಾರ್ಜರ್ ಹಾಕಿ ನೋಡಿ, ಅದ್ರಲ್ಲೂ ಅನ್‌ನೋನ್ ಬಂದ್ರೆ ಲ್ಯಾಪ್‌ಟಾಪ್‌ನಲ್ಲಿ ಪಿನ್ ಚುಚ್ಚೋ ಜಾಕ್ ಮೇಲೆ ಅನುಮಾನ.

ಟೈಪ್ ಸಿ ಇರೋರದು ಬೇರೆ ಕಥೆ. ಮೊಬೈಲ್ ಚಾರ್ಜರ್ ಚುಚ್ಚಿ ಚಾರ್ಜ್ ಆಗ್ತಿಲ್ಲ ಅಂತಾರೆ, ಹೇಗಾಗತ್ತೆ? ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ, ಔಟ್‌ಪುಟ್ ಅಂತ 5 ವೋಲ್ಟ್, 9 ವೋಲ್ಟ್ ಹಿಂಗೆ ಸಾಲಾಗಿರತ್ತೆ, ಅದ್ರಲ್ಲಿ 20 ವೋಲ್ಟ್ ಇಲ್ಲ ಅಂದ್ರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಒಪ್ಪಲ್ಲ. 20 ವೋಲ್ಟ್ 3.25 ಆಂಪ್ ಇದ್ರೆ ಅದು 65 ವ್ಯಾಟ್. ಇನ್ನೊಂದು, ಎರಡು ಸಿ ಪೋರ್ಟ್ ಇದೆ ಅಂತ ಎರಡರಲ್ಲೂ ಚಾರ್ಜ್ ಆಗ್ಬೇಕು ಅಂತೇನಿಲ್ಲ. ಪೋರ್ಟ್ ಒಳಗೆ ಧೂಳು ಗಟ್ಟಿಯಾಗಿ ಕೂತಿದ್ರೂ ಪಿನ್ ಪೂರ್ತಿ ಒಳಗೆ ಹೋಗಲ್ಲ, ಲ್ಯಾಪ್‌ಟಾಪ್ ಆಫ್ ಮಾಡಿ ಮರದ ಟೂತ್‌ಪಿಕ್‌ನಲ್ಲಿ ಮೆಲ್ಲಗೆ ತೆಗೀಬಹುದು, ಸೇಫ್ಟಿ ಪಿನ್ ಮಾತ್ರ ಬೇಡ ಮಾರಾಯ್ರೆ.

ಚಾರ್ಜರ್ ಸರಿ ಇದ್ರೆ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಒಂದರ್ಧ ನಿಮಿಷ ಒತ್ತಿ ಹಿಡೀರಿ. ಚಾರ್ಜಿಂಗ್ ನೋಡ್ಕೊಳ್ಳೋ ಕಂಟ್ರೋಲರ್ ಚಿಪ್ ಹ್ಯಾಂಗ್ ಆಗಿದ್ರೆ ಇದರಲ್ಲೇ ಸರಿಹೋಗತ್ತೆ. ಯೂಟ್ಯೂಬ್‌ನಲ್ಲಿ ಹೇಳೋ ಬ್ಯಾಟರಿ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡೋದು ಅಪರೂಪಕ್ಕೆ ಕೆಲಸ ಮಾಡತ್ತೆ, ಮಾಡಿದ್ರೆ ನಷ್ಟ ಏನಿಲ್ಲ.

ಬ್ಯಾಟರಿ ಜಾತಕ ನೋಡೋಕೆ ವಿಂಡೋಸ್‌ನಲ್ಲೇ ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಒಂದು ಫೈಲ್ ಆಗತ್ತೆ, ಎಲ್ಲಿ ಸೇವ್ ಆಯ್ತು ಅಂತ ಅಲ್ಲೇ ತೋರ್ಸತ್ತೆ. ಅದ್ರಲ್ಲಿ ಡಿಸೈನ್ ಕೆಪ್ಯಾಸಿಟಿ, ಅಂದ್ರೆ ಹೊಸದ್ರಲ್ಲಿ ಹಿಡೀಬೇಕಿದ್ದ ಚಾರ್ಜ್ 42,000, ಫುಲ್ ಚಾರ್ಜ್ ಕೆಪ್ಯಾಸಿಟಿ, ಅಂದ್ರೆ ಈಗ ಹಿಡಿಯೋದು 15,000 ಅಂತೆಲ್ಲ ಇದ್ರೆ ಬ್ಯಾಟರಿ ನಿಜವಾಗ್ಲೂ ಮುಗೀತಾ ಬಂದಿದೆ, ಬದಲಾಯಿಸಿ. ಎರಡೂ ಹತ್ರ ಹತ್ರ ಇದ್ದೂ ಚಾರ್ಜ್ ಏರ್ತಿಲ್ಲ ಅಂದ್ರೆ ತಪ್ಪು ಬೇರೆ ಕಡೆ ಹುಡುಕ್ಬೇಕು.

ಇಷ್ಟೆಲ್ಲ ಮಾಡೋ ಮುಂಚೆ ಲ್ಯಾಪ್‌ಟಾಪನ್ನ ಸಮತಟ್ಟಾದ ಟೇಬಲ್ ಮೇಲಿಟ್ಟು ನೋಡಿ. ಟಚ್‌ಪ್ಯಾಡ್ ಎದ್ದಿದೆಯಾ, ಕ್ಲಿಕ್ ಆಗ್ತಿಲ್ವಾ, ಕೆಳಗಿನ ಕವರ್ ಉಬ್ಬಿ ಅಲ್ಲಾಡ್ತಿದೆಯಾ? ಹಂಗಿದ್ರೆ ಮೇಲೆ ಹೇಳಿದ್ದು ಯಾವ್ದೂ ಬೇಡ. ಬ್ಯಾಟರಿ ಊದ್ಕೊಂಡಿದೆ, ಚಾರ್ಜರ್ ತೆಗೆದು ಆಫ್ ಮಾಡಿ ಅಂಗಡಿಗೆ ತನ್ನಿ. ಒತ್ತೋದು, ಚುಚ್ಚೋದು, ಕಸದ ಗಾಡಿಗೆ ಹಾಕೋದು ಮಾಡ್ಬೇಡಿ, ಬೆಂಕಿ ಹತ್ಕೊಳ್ಳತ್ತೆ.

ಇದ್ಯಾವ್ದೂ ಅಲ್ಲ ಅಂದ್ರೆ ಉಳಿಯೋದು ಬೋರ್ಡು, ಅಂದ್ರೆ ಚಾರ್ಜಿಂಗ್ ಚಿಪ್ಪು, ಕರೆಂಟ್ ಬಿಡೋ ತಡೆಯೋ ಸ್ವಿಚ್ಚಿನಂಥ ಮಾಸ್‌ಫೆಟ್, ಇಲ್ಲಾ ಯಾವತ್ತೋ ಚೆಲ್ಲಿದ ಕಾಫಿ. ಇದು ಮನೇಲಿ ಆಗೋ ಕೆಲಸ ಅಲ್ಲ. ಅಂಗಡಿಯವ್ರು ಬ್ಯಾಟರಿ ಬದಲಾಯಿಸ್ಬೇಕು ಅಂದ್ರೆ ಅದೇ ಪಾರ್ಟ್ ನಂಬರ್‌ದು ಚೆನ್ನಾಗಿರೋದನ್ನ ಹಾಕಿ, ನಿಮ್ಮೆದುರೇ ಪರ್ಸೆಂಟೇಜ್ ಎರಡು ಮೂರಾದ್ರೂ ಏರೋದನ್ನ ತೋರ್ಸಿ ಅನ್ನಿ, ಅದು ಏರಿದ್ಮೇಲೇ ದುಡ್ಡು ಕೊಡಿ.