ಒಂದು ಗದ್ದೆ ಪಾಳು ಬಿದ್ದರೆ: ಸಮಾಜಶಾಸ್ತ್ರದಲ್ಲಿ ಕಂಪ್ಯೂಟರ್ ಸಿಮ್ಯುಲೇಶನ್

ಸರ್ವೆ ಮಾಡಿದರೆ ಯಾರು ಏನು ಮಾಡಿದರು ಅನ್ನುವುದು ಗೊತ್ತಾಗುತ್ತದೆ. ಒಬ್ಬರು ಮಾಡಿದ್ದನ್ನು ನೋಡಿ ಪಕ್ಕದವರು ಹೇಗೆ ಬದಲಾದರು, ಅದು ಊರಿಡೀ ಹೇಗೆ ಹಬ್ಬಿತು ಅನ್ನುವುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸಿಮ್ಯುಲೇಶನ್ ಬೇಕಾಗುವುದು ಇಲ್ಲಿ. ಕಂಪ್ಯೂಟರಿನಲ್ಲಿ ಒಂದಷ್ಟು ಏಜೆಂಟ್‌ಗಳನ್ನು ಇಡುತ್ತೇವೆ. ಏಜೆಂಟ್ ಅಂದರೆ ಒಬ್ಬ ಮನುಷ್ಯ, ಇಲ್ಲವೇ ಒಂದು ಮನೆ. ಪ್ರತಿಯೊಂದಕ್ಕೂ ಒಂದೆರಡು ಸರಳ ನಿಯಮ ಕೊಟ್ಟು ಓಡಿಸಿ ನೋಡುತ್ತೇವೆ.

ಎಲ್ಲರೂ ಮೊದಲು ಓದುವುದು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅವರ 1971ರ ಲೇಖನ. ನೆರೆಯಲ್ಲಿ ತಮ್ಮವರು ಸ್ವಲ್ಪ ಇದ್ದರೆ ಸಾಕು ಅನ್ನುವ ಜನರೇ ಕೊನೆಗೆ ಪೂರ್ತಿ ಬೇರೆ ಬೇರೆ ಕೇರಿಗಳಾಗಿ ಒಡೆಯಬಹುದು ಎಂದು ಅವರು ತೋರಿಸಿದರು. ಆದರೆ ಕೊಡಗಿನವರಿಗೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರ 1978ರ ಮಾದರಿ ಜಾಸ್ತಿ ಹತ್ತಿರ: ಎಷ್ಟು ಜನ ಮಾಡಿದ ಮೇಲೆ ತಾನೂ ಮಾಡುತ್ತೇನೆ ಅನ್ನುವ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಅವರು ತೆಗೆದುಕೊಂಡಿದ್ದು ದೊಂಬಿಯ ಉದಾಹರಣೆ. ನಾವು ಭತ್ತದ ಗದ್ದೆ ತೆಗೆದುಕೊಳ್ಳೋಣ.

ಪೊನ್ನಂಪೇಟೆ ಕಡೆಯ ಒಂದು ಬಯಲು, ಹತ್ತು ಮನೆಯವರ ಗದ್ದೆ ಅಂತಿಟ್ಟುಕೊಳ್ಳಿ. ಪಕ್ಕದ ಗದ್ದೆ ಪಾಳು ಬಿದ್ದರೆ ಅಲ್ಲಿ ಪೊದೆ ಬೆಳೆಯುತ್ತದೆ, ಉಳಿದವರಿಗೆ ಹಂದಿ, ಆನೆಯ ಕಾಟ ಹೆಚ್ಚುತ್ತದೆ. ಎರಡೇ ಗದ್ದೆ ನಾಟಿಗೆ ಆಳು ಕರೆಸುವುದೂ ಕಷ್ಟ ಅಲ್ವಾ? ಹಾಗಾಗಿ ಪ್ರತಿ ಮನೆಗೂ ಒಂದು ಮಿತಿ: 'ಇಷ್ಟು ಜನ ಬಿಟ್ಟರೆ ನಾನೂ ಬಿಡುತ್ತೇನೆ.' ಮಿತಿಗಳು 0, 1, 2 ಹೀಗೆ 9ರವರೆಗೆ. ಸೊನ್ನೆಯವರು ತಾವಾಗಿಯೇ ಬಿಡುತ್ತಾರೆ. ಅವರನ್ನು ನೋಡಿ 1ರವರು, ಆಮೇಲೆ 2ರವರು. ಕೊನೆಗೆ ಇಡೀ ಬಯಲೇ ಪಾಳು.

ಈಗ 1ರವರ ಮಿತಿಯನ್ನು ಮಾತ್ರ 2 ಮಾಡಿ. ಸರಾಸರಿ 4.5 ಇದ್ದದ್ದು 4.6 ಆಯಿತು, ಅಷ್ಟೇ. ಆದರೆ ಒಬ್ಬರು ಬಿಟ್ಟದ್ದನ್ನಷ್ಟೇ ನೋಡಿ ಬಿಡುವವರು ಈಗ ಯಾರೂ ಇಲ್ಲ, ಹಾಗಾಗಿ ಪಾಳು ಬೀಳುವುದು ಒಂದೇ ಗದ್ದೆ! ಸರ್ವೆಯ ಸರಾಸರಿ ನೋಡಿದವರಿಗೆ ಎರಡೂ ಊರು ಒಂದೇ ಥರ. 'ಆ ಊರಿನವರಿಗೆ ಬೇಸಾಯದ ಮೇಲೆ ಪ್ರೀತಿ ಜಾಸ್ತಿ' ಅಂತ ಸುಮ್ನೆ ಬರೆದುಬಿಡುವ ಮುಂಚೆ ಇದನ್ನು ನೆನಪಿಡಿ.

ಇಷ್ಟಕ್ಕೆ ಕಾಗದವೇ ಸಾಕು. ಆದರೆ ಬಯಲಿನ ಎಲ್ಲರನ್ನೂ ಎಣಿಸುವ ಬದಲು ತನ್ನ ಬದುವಿಗೆ ತಾಗಿದವರನ್ನು ಮಾತ್ರ ನೋಡುವ ಹಾಗೆ ನಿಯಮ ಬದಲಿಸಿ, ಮಿತಿಗಳನ್ನು ಬೇರೆ ಬೇರೆ ರೀತಿ ಹಂಚಿ ಸಾವಿರ ಸಲ ಓಡಿಸಬೇಕಾದಾಗ ಕಂಪ್ಯೂಟರ್ ಬೇಕು. ಕಲಿಯಲು ನೆಟ್‌ಲೋಗೊ ಎಂಬ ಸಿಮ್ಯುಲೇಶನ್ ತಂತ್ರಾಂಶ ಸಾಕು. ಅದು ಉಚಿತ, ಶೆಲ್ಲಿಂಗ್ ಮಾದರಿ ಅದರ ಜೊತೆಗೇ ಬರುತ್ತದೆ. ಒಂದೇ ಸಲ ಓಡಿಸಿ ತೀರ್ಮಾನ ಬರೆಯಬೇಡಿ.

ಎಡವುವ ಜಾಗ ಇನ್ನೊಂದಿದೆ. ಪರದೆಯ ಮೇಲೆ ಬಯಲು ಪಾಳು ಬಿದ್ದರೆ ನಮ್ಮ ನಿಯಮದಿಂದ ಹಾಗೆ ಆಗಬಹುದು ಎಂದು ಮಾತ್ರ ಗೊತ್ತಾಯಿತು. ಮಕ್ಕಳು ಬೆಂಗಳೂರು ಸೇರಿದ್ದಕ್ಕೆ ಒಬ್ಬೊಬ್ಬರೇ ಬಿಟ್ಟಿದ್ದರೂ ಕೊನೆಯ ಚಿತ್ರ ಅದೇ. ಆದ್ದರಿಂದ ಯಾವ ಗದ್ದೆ ಯಾವ ವರ್ಷ ಬಿಟ್ಟದ್ದು ಅಂತ ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನೆರೆಯವರ ಪ್ರಭಾವ ಇದ್ದರೆ ಪಾಳು ಒಂದು ಮೂಲೆಯಿಂದ ಹಬ್ಬಿರುತ್ತದೆ. ಇಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತದೆ.